ಕಚೇರಿ ವೇಳೆಯಲ್ಲಿ ಮಳೆಯ ರಾಡಾರ್ ನೋಡುವ ಹಾಗೂ ಸೊಪ್ಪು ಕುಯ್ಯಲು ರಜೆ ಕೇಳುವ ಬಗ್ಗೆ

ವಿಭಾಗೀಯ ಕಚೇರಿ, ರಾಮನಗರ
(ಇಲಾಖೆಯ ಹೆಸರು ಮೊಹರಿನಲ್ಲಿ ಸವೆದುಹೋಗಿದ್ದು, ಹೊಸ ಮೊಹರಿಗಾಗಿ ಬರೆದುಕೊಳ್ಳಲಾಗಿದೆ)

ಸಂಖ್ಯೆ: ವಿಕ/ಆಡಳಿತ/ಮೋಡ/07/2025-26
ದಿನಾಂಕ: 26.05.2025

ಸುತ್ತೋಲೆ

ವಿಷಯ: ನೌಕರರು ಮೊಬೈಲ್ ಹಾಗೂ ಗಣಕಯಂತ್ರಗಳಲ್ಲಿ ಮಳೆಯ ರಾಡಾರ್ ಚಿತ್ರ ಮತ್ತು ಹವಾಮಾನ ಮುನ್ಸೂಚನೆ ನೋಡುವುದು, ನೋಡಿದ್ದನ್ನು ನಂಬುವುದು, ನಂಬಿ ಎದ್ದು ಹೋಗುವುದು – ಪರಿಷ್ಕೃತ ನಿಯಮಗಳ ಕುರಿತು.

ಉಲ್ಲೇಖ:
1. ಈ ಕಚೇರಿಯ ಸುತ್ತೋಲೆ ಸಂಖ್ಯೆ ವಿಕ/ಆಡಳಿತ/ಮೋಡ/03, ದಿನಾಂಕ 21.04.2025 (ಮೊಬೈಲಿನಲ್ಲಿ ಮೋಡ ನೋಡುವುದರ ನಿಷೇಧ).
2. ಡಿ ಗುಂಪು ನೌಕರರಾದ ಶ್ರೀಮತಿ ಕೆಂಚಮ್ಮನವರ ಅರ್ಧ ದಿನದ ರಜೆ ಅರ್ಜಿ, ದಿನಾಂಕ 14.05.2025, ಮಧ್ಯಾಹ್ನ 12.10.
3. ಸದರಿ ಅರ್ಜಿಯ ಮೇಲೆ ಕೆಳಸಹಿದಾರರ ಷರಾ, ಅದೇ ದಿನ, ಮಧ್ಯಾಹ್ನ 2.50: "ಮಳೆಯ ಲಕ್ಷಣ ಕಂಡುಬಂದಿಲ್ಲ. ತಿರಸ್ಕರಿಸಿದೆ."
4. ಮಳೆ, ಅದೇ ದಿನ, ಮಧ್ಯಾಹ್ನ 3.25.

* * *

ಪೀಠಿಕೆ

ಈ ಕಚೇರಿಯ ಹಾಗೂ ಚನ್ನಪಟ್ಟಣ, ಕನಕಪುರ, ಮಾಗಡಿ ಉಪ ಕಚೇರಿಗಳ ನೌಕರರು ಕಳೆದ ಒಂದು ವರ್ಷದಿಂದ ಕಚೇರಿ ವೇಳೆಯಲ್ಲಿ ಮಳೆಯ ರಾಡಾರ್, ಗಂಟೆವಾರು ಮುನ್ಸೂಚನೆ, ಗುಡುಗಿನ ಎಚ್ಚರಿಕೆ ಮುಂತಾದವುಗಳನ್ನು ನೋಡುತ್ತಿರುವುದು ಗಮನಕ್ಕೆ ಬಂದಿರುತ್ತದೆ. ನೋಡಿ ಸುಮ್ಮನಿದ್ದರೆ ತೊಂದರೆ ಇರಲಿಲ್ಲ. ನೋಡಿದ ಕೂಡಲೇ ಟಿಫನ್ ಬಾಕ್ಸ್ ಕೈಗೆತ್ತಿಕೊಂಡು, "ಈಗ ಬಂದೆ" ಎಂದು ಹೇಳಿ, ಮರುದಿನ ಬೆಳಿಗ್ಗೆ ಬರುತ್ತಿರುವುದೇ ತೊಂದರೆಗೆ ಕಾರಣವಾಗಿದೆ.

ಇದರ ಹಿನ್ನೆಲೆಯನ್ನು ಹೊರಗಿನಿಂದ ವರ್ಗವಾಗಿ ಬರುವವರ ಮಾಹಿತಿಗಾಗಿ ಇಲ್ಲಿ ನಮೂದಿಸಲಾಗಿದೆ. ಈ ಕಚೇರಿಯ ನೌಕರರ ಪೈಕಿ ಮುಕ್ಕಾಲು ಪಾಲು ಮಂದಿಯ ಮನೆಯಲ್ಲಿ ರೇಷ್ಮೆ ಹುಳು ಇದೆ. ಉಳಿದ ಕಾಲು ಪಾಲು ಮಂದಿಯ ಹೆಂಡತಿಯ ತವರಿನಲ್ಲಿ ಇದೆ. ರೇಷ್ಮೆ ಹುಳುವಿಗೆ ಒದ್ದೆ ಸೊಪ್ಪು ಹಾಕುವಂತಿಲ್ಲ. ಹಾಕಿದರೆ ರೋಗ ಬರುತ್ತದೆ. ಆದ್ದರಿಂದ ಮಳೆಗೆ ಮುಂಚೆ ಹಿಪ್ಪುನೇರಳೆ ಸೊಪ್ಪು ಕುಯ್ದು ಮನೆ ಸೇರಿಸುವುದು ಇಲ್ಲಿನ ಪದ್ಧತಿ. ಕೆಳಸಹಿದಾರರು ಮಾಗಡಿ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ನಡೆಸುವ ಮನೆತನದವರಾಗಿದ್ದು, ಮಳೆ ಬಂದರೆ ಸಿಮೆಂಟ್ ಚೀಲಗಳನ್ನು ಒಳಗೆ ಎಳೆಯಬೇಕು ಎಂಬುದರ ಹೊರತು ಮಳೆಯ ಬಗ್ಗೆ ಅವರಿಗೆ ಬೇರೇನೂ ತಿಳಿದಿರಲಿಲ್ಲ ಎಂಬುದನ್ನು ಈ ಮೂಲಕ ಒಪ್ಪಿಕೊಳ್ಳಲಾಗಿದೆ.

ತಿಳಿಯದೆಯೇ ಅವರು ಉಲ್ಲೇಖ 1ರ ಸುತ್ತೋಲೆಯನ್ನು ರಚಿಸಿದರು. ಅದರ ಪ್ರಕಾರ, ಮೊಬೈಲಿನಲ್ಲಿ ಕಂಡ ಮೋಡವನ್ನು ಕಚೇರಿಯು ಮೋಡವೆಂದು ಪರಿಗಣಿಸುವುದಿಲ್ಲ. ಮಳೆಯ ಕಾರಣ ನೀಡಿ ರಜೆ ಕೋರುವವರು ರಾಡಾರ್ ಚಿತ್ರವನ್ನು ಮುದ್ರಿಸಿ, ದೃಢೀಕರಿಸಿ, ಒಳಬರುವ ವಹಿಯಲ್ಲಿ ಸಂಖ್ಯೆ ಹಾಕಿಸಿ, ಎರಡು ಮೇಜುಗಳ ಮೂಲಕ ಸಲ್ಲಿಸತಕ್ಕದ್ದು. ಇಂತಹ ಸುತ್ತೋಲೆ ರಾಜ್ಯದಲ್ಲೇ ಮೊದಲು ಎಂದು ಕೆಳಸಹಿದಾರರು ಅಂದು ಮನೆಯಲ್ಲಿ ಹೇಳಿಕೊಂಡಿದ್ದರು. ಮನೆಯವರು ಒಣಹಾಕಿದ ಬಟ್ಟೆ ತರಲು ಎದ್ದು ಹೋಗಿದ್ದರು.

ದಿನಾಂಕ 14.05.2025ರ ಘಟನೆಯ ವರದಿ

(ಅ) ಅಂದು ಬೆಳಿಗ್ಗೆ 11.40ಕ್ಕೆ ಪ್ರಥಮ ದರ್ಜೆ ಸಹಾಯಕರಾದ ಶ್ರೀ ನಾಗರಾಜು ಅವರು ನಿಷೇಧ ಜಾರಿಯಲ್ಲಿದ್ದಾಗ್ಯೂ ಬೀರುವಿನ ಮರೆಯಲ್ಲಿ ನಿಂತು ರಾಡಾರ್ ನೋಡಿರುತ್ತಾರೆ. ಸದರಿಯವರ ಮೊಬೈಲಿನಲ್ಲಿ ಮಳೆಗೆಂದೇ ಮೂರು ಆ್ಯಪ್‌ಗಳಿದ್ದು, ಮೂರೂ ಒಂದೇ ಮಾತು ಹೇಳಿದ ದಿನ ಇಲ್ಲ. ಅಂದು ಮಾತ್ರ ಮೂರರಲ್ಲೂ ಸಾತನೂರಿನ ಆಚೆ ರಾಗಿ ಮುದ್ದೆ ಗಾತ್ರದ ಹಸಿರು ಮೋಡವೊಂದು, ನಡುವೆ ಹಳದಿ ಇಟ್ಟುಕೊಂಡು, ರಾಮನಗರದ ಕಡೆಗೆ ಸರಿಯುತ್ತಿರುವುದು ಕಂಡಿದೆ. ಖಚಿತಪಡಿಸಿಕೊಳ್ಳಲು ಅವರು ಕನಕಪುರ ಉಪ ಕಚೇರಿಯ ದ್ವಿತೀಯ ದರ್ಜೆ ಸಹಾಯಕಿ ಕು. ದಿವ್ಯ ಅವರಿಗೆ ಫೋನ್ ಮಾಡಿದ್ದು, ಕು. ದಿವ್ಯ ಅವರು ಸಾತನೂರಿನಲ್ಲಿರುವ ತಮ್ಮ ತಾಯಿಗೆ ಫೋನ್ ಮಾಡಿದ್ದು, ತಾಯಿಯವರ ಉತ್ತರ ಯಥಾವತ್ತಾಗಿ ಹೀಗಿದೆ: "ಇಲ್ಲಿ ಸುರೀತಾ ಐತೆ ಕಣವ್ವ, ಒಣಾಕಿದ್ ಬಟ್ಟೆ ಎಲ್ಲಾ ನೆಂದೋದೊ. ನಿಂಗ್ಯಾರು ಹೇಳುದ್ರು?"

(ಆ) ಈ ಮಾಹಿತಿಯನ್ನು ಶ್ರೀ ನಾಗರಾಜು ಅವರು ಶ್ರೀಮತಿ ಕೆಂಚಮ್ಮನವರಿಗೆ ತಿಳಿಸಿದರು. ಕೆಂಚಮ್ಮನವರು ಈ ಕಚೇರಿಯಲ್ಲಿ ಹದಿನಾರು ವರ್ಷಗಳಿಂದ ಡಿ ಗುಂಪಿನಲ್ಲಿದ್ದಾರೆ. ಮನೆ ಮತ್ತು ತೋಟ ಕೈಲಾಂಚ ಹೋಬಳಿಯಲ್ಲಿ. ಅಂದು ಅವರ ಮನೆಯಲ್ಲಿ ನಲವತ್ತು ತಟ್ಟೆ ಹುಳು ನಾಲ್ಕನೇ ಜ್ವರ ಎದ್ದು ಐದನೇ ದಿನವಾಗಿತ್ತು. ನಾಲ್ಕನೇ ಜ್ವರ ಎಂದರೆ ಹುಳು ನಾಲ್ಕನೇ ಬಾರಿ ಪೊರೆ ಬಿಡುವುದು. ಅದಾದ ಮೇಲೆ ಗೂಡು ಕಟ್ಟುವವರೆಗೂ ಹುಳುವಿಗೆ ತಿನ್ನುವುದೊಂದೇ ಕೆಲಸ. ಗೂಡಿಗೆ ಇನ್ನು ಮೂರೇ ದಿನವಿತ್ತು. ಮನೆಯಲ್ಲಿ ಅತ್ತೆಗೆ ಮಂಡಿ ನೋವು. ಹಾಲಿನ ವ್ಯಾನು ಓಡಿಸುವ ಪತಿ ಬರುವುದು ಸಂಜೆ ಐದರ ಮೇಲೆ. ಸಂಜೆಯ ಸೊಪ್ಪು ಇನ್ನೂ ಗಿಡದ ಮೇಲೆಯೇ ಇತ್ತು. ಆದ್ದರಿಂದ ಅವರು 12.10ಕ್ಕೆ ಅರ್ಧ ದಿನದ ರಜೆ ಅರ್ಜಿ ಬರೆಸಿ ಕೊಟ್ಟರು.

(ಇ) ನಿಯಮದಂತೆ ರಾಡಾರ್ ಚಿತ್ರವನ್ನು ಮುದ್ರಿಸಲಾಯಿತು. ಕಚೇರಿಯ ಮುದ್ರಣಯಂತ್ರಕ್ಕೆ ಬಣ್ಣದ ಶಾಯಿ ತರಿಸುವ ಪ್ರಸ್ತಾವವು 2021ರಿಂದ ಪರಿಶೀಲನೆಯಲ್ಲಿರುವುದರಿಂದ, ಹಸಿರು, ಹಳದಿ, ಕೆಂಪು ಮೂರೂ ಬೂದಿ ಬಣ್ಣದಲ್ಲಿ ಬಂದವು. ಅಧೀಕ್ಷಕರು ಅದರ ಮೇಲೆ "ಮೂಲ ಮೋಡದೊಂದಿಗೆ ಹೋಲಿಸಿ ನೋಡಲಾಗಿದೆ" ಎಂದು ದೃಢೀಕರಿಸಿದರು. ಊಟದ ವಿರಾಮವಾಯಿತು. ಎರಡನೇ ಮೇಜಿನವರು ಮೋಡದ ತಾಲ್ಲೂಕು ನಮೂದಾಗಿಲ್ಲವೆಂದು ಆಕ್ಷೇಪಿಸಿ ವಾಪಸ್ ಕಳುಹಿಸಿದರು. ಮೊದಲ ಮೇಜಿನಲ್ಲಿ "ಕನಕಪುರ" ಎಂದು ಬರೆಯಲಾಯಿತು. ಅಷ್ಟರಲ್ಲಿ ಮೋಡ ಕನಕಪುರ ಬಿಟ್ಟಿತ್ತು.

(ಈ) ಕಡತವು 2.45ಕ್ಕೆ ಕೆಳಸಹಿದಾರರ ಮುಂದೆ ಬಂತು. ಚಿತ್ರವೆಲ್ಲಾ ಬೂದಿ ಬಣ್ಣವಿದ್ದುದರಿಂದ ಗಾಬರಿಪಡುವಂತಹುದೇನೂ ಕಾಣಲಿಲ್ಲ. ಹೆಚ್ಚಿನ ಎಚ್ಚರಿಕೆ ವಹಿಸಿ ಅವರು ತಮ್ಮ ಸ್ವಂತ ಮೊಬೈಲನ್ನೂ ನೋಡಿದರು. ಅದರಲ್ಲಿ ಸೂರ್ಯ ನಗುತ್ತಿದ್ದನು. ಸದರಿ ಮೊಬೈಲಿನಲ್ಲಿ ಊರು "ಮಾಗಡಿ" ಎಂದು ಇದ್ದುದು ಅವರ ಗಮನಕ್ಕೆ ಬಂದದ್ದು ಮರುದಿನ. ಉಲ್ಲೇಖ 3ರ ಷರಾ ಬರೆದು, ಮೋಡದ ಪಕ್ಕದಲ್ಲಿ ಸಣ್ಣ ಸಹಿ ಹಾಕಿ, ದಿನಾಂಕ ಬರೆದರು.

(ಉ) 3.25ಕ್ಕೆ ಮಳೆ ಬಂತು. ಮೊದಲ ಹತ್ತು ನಿಮಿಷದಲ್ಲೇ ಕಚೇರಿಯ ಮುಂದಿನ ಚರಂಡಿ ತುಂಬಿ, ಸೈಕಲ್ ಸ್ಟ್ಯಾಂಡಿನಲ್ಲಿದ್ದ ಚಪ್ಪಲಿಯೊಂದು ಹೈವೇ ಕಡೆಗೆ ಹೊರಟಿತು. 3.35ಕ್ಕೆ ಕೆಳಸಹಿದಾರರು ಹೊರಗೆ ಬಂದು ನೋಡಲಾಗಿ, ಶ್ರೀ ನಾಗರಾಜು, ವಾಹನ ಚಾಲಕರಾದ ಶ್ರೀ ವಾಸಿಂ, ಮತ್ತೂ ನಾಲ್ವರು ನೌಕರರು ಹಾಗೂ ಕಚೇರಿಯ ಜೀಪು ಸ್ಥಳದಲ್ಲಿರಲಿಲ್ಲ. ಯಾರೂ ಯಾರನ್ನೂ ಕೇಳಿರಲಿಲ್ಲ. ಕೆಂಚಮ್ಮನವರು ಮಾತ್ರ ಬಾಗಿಲ ಪಕ್ಕದ ತಮ್ಮ ಸ್ಟೂಲಿನ ಮೇಲೆ ಕೂತು ಮಳೆ ನೋಡುತ್ತಿದ್ದರು.

(ಊ) ಜೀಪು ನೇರವಾಗಿ ಕೆಂಚಮ್ಮನವರ ತೋಟಕ್ಕೆ ಹೋಗಿತ್ತೆಂದು ನಂತರ ತಿಳಿದುಬಂದಿದೆ. ಮಳೆ ಸ್ವಲ್ಪ ತಗ್ಗಿದ ಮೇಲೆ, 4.10ರ ಸುಮಾರಿಗೆ, ಇಲಾಖಾ ನೌಕರರು ಕುಡುಗೋಲು ಹಿಡಿದರು. ಕೆಂಚಮ್ಮನವರ ಅತ್ತೆಯವರು ಜಗಲಿಯ ಮೇಲೆ ಕಾಲು ಚಾಚಿ ಕೂತು ಮೇಲ್ವಿಚಾರಣೆ ವಹಿಸಿದರು. ಇಪ್ಪತ್ತೆರಡು ವರ್ಷಗಳ ಸೇವೆಯಲ್ಲಿ ಯಾವ ಮೇಲಧಿಕಾರಿಯಿಂದಲೂ ಒಂದು ಮಾತು ಕೇಳಿಸಿಕೊಳ್ಳದ ಶ್ರೀ ನಾಗರಾಜು ಅವರಿಗೆ ಅಂದು ಹೇಳಲಾದದ್ದು: "ಯಾವೂರ್ಲಾ ನಿಂದು? ಕುಡ್ಲು ಹಿಡಿಯಾಕೂ ಬರಾಕಿಲ್ವಾ? ತರ್ಚ್‌ಬ್ಯಾಡ್ಲಾ, ಬುಡುಕ್ಕೆ ಕುಯ್ಯಿ! ಒದ್ರಿ ನೀರ್ ಬೀಳ್ಸಿ ಆಮ್ಯಾಕೆ ಹೊರೆ ಕಟ್ಲಾ!" ಸದರಿ ಎಚ್ಚರಿಕೆಯನ್ನು ಅವರ ಸೇವಾ ಪುಸ್ತಕದಲ್ಲಿ ನಮೂದಿಸುವ ಅಗತ್ಯವಿಲ್ಲವೆಂದು ತೀರ್ಮಾನಿಸಲಾಗಿದೆ.

(ಋ) ಕೆಂಚಮ್ಮನವರ ಊರಿನಲ್ಲಿ ಮಳೆಗೆ ಕರೆಂಟು ಹೋಗಿತ್ತು. ಈ ಕಚೇರಿಯು ಆಸ್ಪತ್ರೆಯ ಲೈನಿನಲ್ಲಿದ್ದು ಇಲ್ಲಿ ಹನ್ನೊಂದು ಫ್ಯಾನುಗಳಿವೆ. ಈ ಕಾರಣದಿಂದ 5.05ಕ್ಕೆ ಒಂದು ಜೀಪು ಒದ್ದೆ ಸೊಪ್ಪು ಕಚೇರಿಯೊಳಗೆ ಬಂತು. ಕೆಳಸಹಿದಾರರು ಮೊದಲು ಗದರಿಸಿದರು. ಒದ್ದೆಯಾದರೆ ಏನಾಯಿತು, ಸೊಪ್ಪು ಸೊಪ್ಪೇ ಅಲ್ಲವೇ, ಎಂದೂ ಕೇಳಿದರು. ಆರು ಜನ ನೌಕರರು ಏಕಕಾಲಕ್ಕೆ ಅವರ ಮುಖ ನೋಡಿದರು. ಉತ್ತರವನ್ನು ಕೆಂಚಮ್ಮನವರು ಕೊಟ್ಟಿದ್ದು, ಅದನ್ನು ಒಂದಕ್ಷರವೂ ತಿದ್ದದೆ ಇಲ್ಲಿ ದಾಖಲಿಸಲಾಗಿದೆ:

"ಸಾ, ಈಗ ಆ ಹುಳಕ್ಕೆ ಬಾಯಿ ಬುಟ್ರೆ ಬೇರೆ ಏನೂ ಇಲ್ಲ. ಒದ್ದೆ ಸೊಪ್ಪು ಕೊಟ್ರೆ ಹೊಟ್ಟೆ ಕೆಟ್ಟು ಸಪ್ಪೆ ರೋಗ ಬತ್ತದೆ, ಒಂದಕ್ಕೆ ಬಂದ್ರೆ ತಟ್ಟೆಗೆ ತಟ್ಟೆನೇ ಓಯ್ತದೆ. ಕೊಡ್ದೆ ಇದ್ರೆ ತಲೆ ಎತ್ಕೊಂಡು ಸುಮ್ಕೆ ನೋಡ್ತವೆ. ಕೂಗಾಕೆ ಬಾಯಿಲ್ವಲ್ಲ ಸಾ ಅವಕ್ಕೆ. ಹೊತ್ತಿಗೆ ಸರಿಯಾಗಿ ತಲೆ ಎತ್ತಿ ನೋಡ್ತವೆ. ಅದ್ನ ನೋಡಾಕಾಯ್ಕಿಲ್ಲ ಸಾ."

ಕೆಳಸಹಿದಾರರಿಗೆ ನಾಚಿಕೆಯಾಯಿತು. ನಾಚಿಕೆಯನ್ನು ದಾಖಲಿಸಲು ಯಾವ ನಮೂನೆಯೂ ಇಲ್ಲದ ಕಾರಣ ಅದನ್ನು ಇಲ್ಲಿಯೇ ಬರೆಯಲಾಗಿದೆ.

(ಎ) ತದನಂತರ ಕೆಳಸಹಿದಾರರ ಮೌಖಿಕ ಆದೇಶದ ಮೇರೆಗೆ ಕಚೇರಿಯ ಎಲ್ಲ ಮೇಜು, ಬೆಂಚು ಹಾಗೂ ರೆಕಾರ್ಡ್ ರೂಮಿನ ರ‍್ಯಾಕುಗಳ ಮೇಲೆ ಸೊಪ್ಪನ್ನು ತೆಳ್ಳಗೆ ಹರಡಲಾಯಿತು. ಹನ್ನೊಂದು ಫ್ಯಾನುಗಳನ್ನೂ ಐದರಲ್ಲಿ ತಿರುಗಿಸಲಾಯಿತು. ಕೆಳಸಹಿದಾರರ ಕುರ್ಚಿಯ ಬೆನ್ನಿಗೆ ಹಾಕುವ ಬಿಳಿ ಟವೆಲಿನಿಂದ ಎಲೆಗಳನ್ನು ಒರೆಸಲಾಯಿತು. ಒರೆಸಿದವರು ಕೆಳಸಹಿದಾರರು. 5.20ಕ್ಕೆ, ಆಸ್ಪತ್ರೆಯ ಲೈನೂ ಸೇರಿದಂತೆ, ಊರಿಗೇ ಕರೆಂಟು ಹೋಯಿತು.

(ಏ) ಬೇರೆ ದಾರಿಯಿಲ್ಲದೆ ಕಡತಗಳನ್ನು ತೆಗೆದು ಗಾಳಿ ಬೀಸಲಾಯಿತು. 2014ರಿಂದ ಅಲುಗಾಡದೆ ಇದ್ದ ಕಡತಗಳೂ ಅಂದು ಸುಮಾರು ಒಂದು ಗಂಟೆ ಕಾಲ ಚುರುಕಾಗಿ ಓಡಾಡಿದ್ದು, ಇದು ಈ ಕಚೇರಿಯ ಇತಿಹಾಸದಲ್ಲಿ ಅತಿ ಹೆಚ್ಚಿನ ಕಡತ ಚಲನೆಯಾಗಿರುತ್ತದೆ. 6.20ಕ್ಕೆ ಸೊಪ್ಪು ಒಣಗಿತು. ಕೆಂಚಮ್ಮನವರು ಹಾಜರಾತಿ ಪುಸ್ತಕದಲ್ಲಿ ಸಂಜೆಯ ಸಹಿ ಹಾಕಿ, ಬಾಗಿಲಿಗೆ ಬೀಗ ಹಾಕಿಸಿ, ಸೊಪ್ಪಿನ ಜೊತೆ ಜೀಪಿನ ಹಿಂದೆ ಕೂತು ಹೋದರು.

(ಐ) ಪರಿಣಾಮ: ಮಳೆ ಶುರುವಾಗುವ ಹೊತ್ತಿಗೆ ಅತ್ತೆಯವರು, ಹುಳುವಿನ ಹಸಿವು ನೋಡಲಾರದೆ, ಮಂಡಿ ನೋವಿನಲ್ಲೂ ಹಿತ್ತಿಲಿನಿಂದ ತಾವೇ ತಂದು ಹಾಕಿದ್ದ ಒದ್ದೆ ಸೊಪ್ಪು ತಿಂದ ಐದು ತಟ್ಟೆ ಹುಳು ಎರಡೇ ದಿನದಲ್ಲಿ ಸಪ್ಪೆಯಾಗಿ ಹೋದವು. ಮೂವತ್ತೈದು ತಟ್ಟೆ ಹುಳು ಬಲಿತು ಹಣ್ಣಾಗಿ, ಚಂದ್ರಿಕೆ ಎಂಬ ಬಿದಿರಿನ ತಟ್ಟಿ ಏರಿ ಗೂಡು ಕಟ್ಟಿದವು. ಐದು ತಟ್ಟೆಯ ಹೊಣೆ ಉಲ್ಲೇಖ 3ರದ್ದು.

ಮೇಲ್ಕಂಡ ಹಿನ್ನೆಲೆಯಲ್ಲಿ, ಇನ್ನು ಮುಂದೆ ಎಲ್ಲ ನೌಕರರೂ ಈ ಕೆಳಗಿನ ನಿಯಮಗಳನ್ನು ಪಾಲಿಸುವಂತೆ ಸೂಚಿಸಲಾಗಿದೆ.

ಪರಿಷ್ಕೃತ ನಿಯಮಗಳು

1. ಉಲ್ಲೇಖ 1ರ ಸುತ್ತೋಲೆಯನ್ನು ಹಿಂಪಡೆಯಲಾಗಿದೆ. ಮೋಡವನ್ನು ಮೊಬೈಲಿನಲ್ಲಿ ನೋಡಬಹುದು, ಕಿಟಕಿಯಲ್ಲೂ ನೋಡಬಹುದು. ಎರಡರಲ್ಲೂ ಬೇರೆ ಬೇರೆ ಕಂಡಲ್ಲಿ ಕಿಟಕಿಯನ್ನು ನಂಬತಕ್ಕದ್ದು. ಕಿಟಕಿಯ ಗಾಜಿಗೆ ಧೂಳು ಮೆತ್ತಿದ್ದಲ್ಲಿ ಮೊದಲು ಒರೆಸಿ, ಮೋಡವು ಹೋಗದಿದ್ದರೆ ಮಾತ್ರ ಅದನ್ನು ಮೋಡವೆಂದು ಪರಿಗಣಿಸತಕ್ಕದ್ದು.

2. ರಾಡಾರ್ ಚಿತ್ರದ ಬಣ್ಣಗಳಿಗೆ ಅನುಗುಣವಾಗಿ ನೌಕರರ ನಡವಳಿಕೆಯನ್ನು ಹೀಗೆ ನಿಗದಿಪಡಿಸಿದೆ. ಹಸಿರು: ಕುರ್ಚಿಯಲ್ಲಿ ಕೂತೇ ನಿಟ್ಟುಸಿರು ಬಿಡಬಹುದು. ಹಳದಿ: ಎದ್ದು ನಿಂತು ಮನೆಗೆ ಫೋನ್ ಮಾಡಬಹುದು. ಕೆಂಪು: ಬೈಕಿನ ಕೀಲಿ ಕೈಗೆ ತೆಗೆದುಕೊಳ್ಳಬಹುದು. ನೇರಳೆ ಬಣ್ಣ ಕಂಡಲ್ಲಿ, ಅಂತಹ ಬಣ್ಣಕ್ಕೆ ಮಂಜೂರಾತಿ ಇಲ್ಲವಾದ್ದರಿಂದ, ಎರಡು ಸಲ ಕೆಂಪು ಎಂದು ನಮೂದಿಸತಕ್ಕದ್ದು. ಮುದ್ರಿಸಿದ ಚಿತ್ರವನ್ನು ಯಾವ ಕಾರಣಕ್ಕೂ ನಂಬತಕ್ಕದ್ದಲ್ಲ.

3. ರಾಡಾರ್ ಚಿತ್ರವು ಹತ್ತು ನಿಮಿಷಕ್ಕೊಮ್ಮೆ ಹೊಸದಾಗುತ್ತದೆಂದು ಶ್ರೀ ನಾಗರಾಜು ಅವರು ತಿಳಿಸಿದ್ದಾರೆ. ಈ ಕಚೇರಿಯಲ್ಲಿ ಹತ್ತು ನಿಮಿಷದಲ್ಲಿ ಹೊಸದಾಗುವ ವಸ್ತು ಬೇರೆ ಯಾವುದೂ ಇಲ್ಲ. ಆದಾಗ್ಯೂ ಮೋಡಕ್ಕೆ ಸಂಬಂಧಿಸಿದ ಕಡತಗಳು ಮೋಡದ ವೇಗದಲ್ಲೇ ಚಲಿಸತಕ್ಕದ್ದು. ಕಡತಕ್ಕಿಂತ ಮುಂಚೆ ಮೋಡ ಬಂದಲ್ಲಿ, ಅದನ್ನು ಸಂದರ್ಶಕರ ಬೆಂಚಿನಲ್ಲಿ ಕೂರಿಸಲು ಸಾಧ್ಯವಿಲ್ಲ ಎಂಬುದನ್ನು ಎರಡೂ ಮೇಜಿನವರು ಮನಗಾಣತಕ್ಕದ್ದು.

4. ಮುನ್ಸೂಚನೆಯಲ್ಲಿ "ಶೇಕಡ 60 ಮಳೆ" ಎಂದು ಕಂಡಾಗ ಛತ್ರಿಯ ಶೇಕಡ 60 ಭಾಗವನ್ನು ಮಾತ್ರ ಬಿಚ್ಚಿಕೊಂಡು ಓಡಾಡುವುದನ್ನು ಅಧೀಕ್ಷಕರು ಕೂಡಲೇ ನಿಲ್ಲಿಸತಕ್ಕದ್ದು.

5. ಎಲ್ಲ ನೌಕರರೂ ತಮ್ಮ ಮೊಬೈಲಿನ ಹವಾಮಾನದಲ್ಲಿ ಯಾವ ಊರು ಇದೆ ಎಂಬುದನ್ನು ಲಿಖಿತವಾಗಿ ಘೋಷಿಸತಕ್ಕದ್ದು. ಮರುದಿನ ನಡೆಸಿದ ತಪಾಸಣೆಯಲ್ಲಿ ಮೂವತ್ತೊಂದು ಜನ ನೌಕರರ ಪೈಕಿ ಒಂಬತ್ತು ಮಂದಿಯ ಮೊಬೈಲಿನಲ್ಲಿ ಹೆಂಡತಿಯ ಊರೂ, ಇಬ್ಬರದ್ದರಲ್ಲಿ ಮದುವೆಗೆ ನೋಡಿ ಬಂದ ಹುಡುಗಿಯ ಊರೂ, ಒಬ್ಬರದ್ದರಲ್ಲಿ ಎರಡು ವರ್ಷದ ಹಿಂದೆ ಟೂರ್ ಹೋಗಿದ್ದ ಗೋವಾವೂ ಕಂಡುಬಂದಿವೆ. ಗೋವಾದ ಅಲೆಗಳ ಎತ್ತರ ನೋಡಿ ಚನ್ನಪಟ್ಟಣಕ್ಕೆ ಬಸ್ಸು ಹತ್ತದೆ ಇದ್ದ ಮೂರು ದಿನಗಳನ್ನು ಗೈರುಹಾಜರಿ ಎಂದು ಪರಿಗಣಿಸಲಾಗಿದೆ. ಕೆಳಸಹಿದಾರರ ಮೊಬೈಲಿನಲ್ಲಿ ಈಗ ಊರು "ರಾಮನಗರ" ಎಂದಿದೆ. ಮನೆಯ ಮೇಲೆ ಒಣಹಾಕಿದ ಬಟ್ಟೆಗಳ ಬಗ್ಗೆ ಅವರ ಮನೆಯವರು ಸ್ವತಃ ಮಾಗಡಿಯ ಆಕಾಶವನ್ನು ನೋಡಿಕೊಳ್ಳಲು ಒಪ್ಪಿರುತ್ತಾರೆ.

6. ಮೋಡ ಬರುವ ದಾರಿಯಲ್ಲಿ ನೌಕರರಿಗೆ ಬಂಧುಗಳಿದ್ದಲ್ಲಿ ಅವರನ್ನು "ನೋಡಲ್ ಬಂಧು" ಎಂದು ನೇಮಿಸಲಾಗುವುದು. ಪ್ರತಿ ಹೋಬಳಿಗೆ ಒಬ್ಬರಂತೆ ಅತ್ತೆ, ಚಿಕ್ಕಮ್ಮ ಅಥವಾ ಭಾವಮೈದುನರ ಪಟ್ಟಿಯನ್ನು ಉಪ ಕಚೇರಿಗಳು ಸಲ್ಲಿಸತಕ್ಕದ್ದು. ಮಾತು ಬಿಟ್ಟಿರುವ ಬಂಧುಗಳನ್ನು ಮಳೆಗಾಲದ ಮಟ್ಟಿಗಾದರೂ ಮಾತನಾಡಿಸತಕ್ಕದ್ದು. ನೋಡಲ್ ಬಂಧುಗಳು ಮಳೆ ಬರುತ್ತಿದೆಯೇ ಇಲ್ಲವೇ ಎಂಬುದನ್ನು ಮಾತ್ರ ಹೇಳತಕ್ಕದ್ದು. ಜಮೀನು ಭಾಗದ ವಿಷಯ ಎತ್ತತಕ್ಕದ್ದಲ್ಲ.

7. ವಾಹನ ಚಾಲಕರಾದ ಶ್ರೀ ವಾಸಿಂ ಅವರು ಯಾವ ಆ್ಯಪ್ ಅನ್ನೂ ಬಳಸದೆ, ಜೀಪಿನ ಬಾನೆಟ್ಟಿಗೆ ಒರಗಿ, ಕಣ್ಣು ಕಿರಿದು ಮಾಡಿ ಆಕಾಶ ನೋಡುವ ಮೂಲಕ ಮಳೆ ಹೇಳುತ್ತಿರುವುದು ಗಮನಕ್ಕೆ ಬಂದಿದೆ. ಘಟನೆಯ ದಿನ ಮಧ್ಯಾಹ್ನ 12 ಗಂಟೆಗೇ ಅವರು, "ಸಾರ್, ಗಾಳಿ ತಿರುಗ್ಬುಟ್ಟಿದೆ. ಮೂರೂವರೆ ಒಳಗೆ ಹಿಡ್ಕೊಳ್ತದೆ, ಬರ್ದಿಟ್ಕೊಳಿ" ಎಂದಿದ್ದರು. ಯಾರೂ ಬರೆದಿಟ್ಟುಕೊಳ್ಳಲಿಲ್ಲ. ಇನ್ನು ಮುಂದೆ ಬರೆದಿಟ್ಟುಕೊಳ್ಳತಕ್ಕದ್ದು. ಆದರೆ ಪಾಸ್‌ವರ್ಡ್ ಇಲ್ಲದ ಸಾಧನಗಳ ಬಳಕೆಗೆ ಅವಕಾಶವಿಲ್ಲದಿರುವುದರಿಂದ, ಶ್ರೀ ವಾಸಿಂ ಅವರು ತಮ್ಮ ಬರಿಗಣ್ಣಿಗೆ ಎಂಟು ಅಕ್ಷರಗಳ ಒಂದು ಪಾಸ್‌ವರ್ಡ್ ಪಡೆದು ಮೂರು ತಿಂಗಳಿಗೊಮ್ಮೆ ಬದಲಾಯಿಸತಕ್ಕದ್ದು.

8. ಬೇರೆ ರಾಜ್ಯದ, ಬೇರೆ ವರ್ಷದ ಮಳೆಯ ವಿಡಿಯೋಗಳನ್ನು ಕಚೇರಿಯ ವಾಟ್ಸಾಪ್ ಗುಂಪಿನಲ್ಲಿ "ಈಗ ಬಿಡದಿಯಲ್ಲಿ" ಎಂದು ಹಾಕುವಂತಿಲ್ಲ. ಕಳೆದ ತಿಂಗಳು ಬಿಡದಿಯಲ್ಲಿ ತೇಲಿಹೋದ ಲಾರಿಯ ಹಿಂದೆ ತೆಂಗಿನ ಮರಗಳ ಬದಲು ಹಿಮದ ಬೆಟ್ಟ ಕಾಣುತ್ತಿದ್ದುದನ್ನು ಯಾರೂ ಪ್ರಶ್ನಿಸದೇ ಇದ್ದದ್ದು ವಿಷಾದನೀಯ.

9. ನಕ್ಷೆಯಲ್ಲಿ ಕಾಣುವ ನೀಲಿ ಚುಕ್ಕೆಯು ಕಚೇರಿಯ ಮೇಲೆಯೇ ಇದೆ ಎಂಬುದನ್ನು ಹಾಜರಾತಿಯ ಪುರಾವೆಯಾಗಿ ಪರಿಗಣಿಸಲಾಗುವುದಿಲ್ಲ. ಮೊಬೈಲನ್ನು ಮೇಜಿನ ಖಾನೆಯಲ್ಲಿಟ್ಟು ತಾವು ತೋಟದಲ್ಲಿರುವವರು ದಯಮಾಡಿ ಈ ಸುತ್ತೋಲೆಯನ್ನು ತೋಟದಲ್ಲೇ ಓದಿಕೊಳ್ಳತಕ್ಕದ್ದು.

10. ಮೂರನೇ ಕಿಟಕಿಗೆ ಬರುವ ಸಾರ್ವಜನಿಕರು ತಮ್ಮ ಕೆಲಸ ಬಿಟ್ಟು, ರಾಗಿ ಒಣಹಾಕಬಹುದೇ, ಮನೆಯ ಛಾವಣಿಗೆ ಮೋಲ್ಡ್ ಹಾಕಿಸಬಹುದೇ, ಶಾಮಿಯಾನಕ್ಕೆ ಮುಂಗಡ ಕೊಡಬಹುದೇ ಎಂದು ಶ್ರೀ ನಾಗರಾಜು ಅವರನ್ನು ಕೇಳುತ್ತಿದ್ದು, ಈ ಕಚೇರಿಯ ಮೇಲೆ ಜನರಿಗೆ ಇಷ್ಟು ವಿಶ್ವಾಸ ಹಿಂದೆಂದೂ ಇರಲಿಲ್ಲ. ಆದ್ದರಿಂದ ಇದನ್ನು ನಿಲ್ಲಿಸತಕ್ಕದ್ದಲ್ಲ. ಮೋಲ್ಡ್ ಹಾಕಿಸುವವರು ಸಿಮೆಂಟ್ ಎಲ್ಲಿ ಕೊಳ್ಳಬೇಕೆಂದು ಕೇಳಿದಲ್ಲಿ ಕೆಳಸಹಿದಾರರ ಮನೆತನದ ಅಂಗಡಿಯ ಹೆಸರನ್ನು ಹೇಳತಕ್ಕದ್ದಲ್ಲ. ಅದು ಮಾಗಡಿ ಬಸ್ ನಿಲ್ದಾಣದ ಎಡಗಡೆ ಇದೆ ಎಂಬುದನ್ನೂ ಹೇಳತಕ್ಕದ್ದಲ್ಲ.

11. ಸೊಪ್ಪಿಗೆ ಗಾಳಿ ಬೀಸಲು ಬಾಕಿ ಕಡತಗಳನ್ನು ಮಾತ್ರ ಬಳಸತಕ್ಕದ್ದು. ವಿಲೇವಾರಿಯಾದ ಕಡತಗಳು ತೆಳ್ಳಗಿದ್ದು ಅವುಗಳಿಂದ ಗಾಳಿ ಬರುವುದಿಲ್ಲ. ಬೀಸುವಾಗ ಕಡತದಿಂದ ಉದುರಿದ ಹಾಳೆಗಳನ್ನು ಓದಿ ನೋಡತಕ್ಕದ್ದು. ಅಂದು ಹಾಗೆ ಉದುರಿದ ಹಾಳೆಗಳಲ್ಲಿ ಎರಡನ್ನು ಓದಿದ ಅಧೀಕ್ಷಕರು, ಇವಕ್ಕೆ ಉತ್ತರ ಬರೆಯುವುದು ಐದು ನಿಮಿಷದ ಕೆಲಸವೆಂದು ಹೇಳಿ, ಮರುದಿನ ಬರೆದೂ ಬಿಟ್ಟಿರುತ್ತಾರೆ.

12. ಕೆಳಸಹಿದಾರರ ಟವೆಲಿಗೆ ಹತ್ತಿರುವ ಹಸಿರು ಕಲೆಯ ಬಗ್ಗೆ ಸಭೆಗಳಲ್ಲಿ ಯಾರೂ ಕೇಳತಕ್ಕದ್ದಲ್ಲ.

13. ಕೊನೆಯದಾಗಿ, ಕೇಳುವುದರ ಬಗ್ಗೆ. ಘಟನೆಯ ವಿಚಾರಣೆಯಲ್ಲಿ ಕೆಳಸಹಿದಾರರು ಶ್ರೀಮತಿ ಕೆಂಚಮ್ಮನವರನ್ನು ಒಂದು ಪ್ರಶ್ನೆ ಕೇಳಿದರು: ಉಳಿದವರೆಲ್ಲ ಹೇಳದೆ ಕೇಳದೆ ಹೋಗುವಾಗ ತಾವೂ ಹೊರಟುಹೋಗಬಹುದಿತ್ತಲ್ಲ, ಯಾಕೆ ಹೋಗಲಿಲ್ಲ? ಅವರು ಕೊಟ್ಟ ಉತ್ತರ: "ಓಗ್ಬೋದಾಗಿತ್ತು ಸಾ. ಎಲ್ರೂ ಓಯ್ತಾರೆ, ಯಾರೂ ಕೇಳಾಕಿಲ್ಲ. ಅವ್ರಿಗೇನೂ ಆಗಾಕಿಲ್ಲ. ನಾನು ಕೇಳ್ಬುಟ್ಟಿದ್ದೆ. ಕೇಳಿ, ನೀವು ಇಲ್ಲ ಅಂದ್ಮೇಲೆ ಹೆಂಗ್ ಸಾ ಓಗಾದು?"

ವಿಚಾರಣೆಯನ್ನು ಅಲ್ಲಿಗೇ ಮುಕ್ತಾಯಗೊಳಿಸಲಾಯಿತು. ಈ ಕಚೇರಿಯಲ್ಲಿ ಕೇಳದೆ ಹೋದವರಿಗೆ ಇದುವರೆಗೆ ಒಂದು ಮಾತೂ ಹೇಳಿದ್ದಿಲ್ಲ. ಕೇಳಿದ ಒಬ್ಬರಿಗೆ ಮಾತ್ರ ಇಲ್ಲವೆನ್ನಲಾಗಿದೆ. ಇದು ಹೇಗೆ ನಡೆದುಕೊಂಡು ಬಂತೆಂದು ನನಗೆ ಗೊತ್ತಿಲ್ಲ. (ಇಲ್ಲಿ "ನನಗೆ" ಎಂಬುದನ್ನು "ಕೆಳಸಹಿದಾರರಿಗೆ" ಎಂದು ಓದಿಕೊಳ್ಳತಕ್ಕದ್ದು.) ಆದ್ದರಿಂದ ಇನ್ನು ಮುಂದೆ ಸೊಪ್ಪಿಗಾಗಿ ರಜೆ ಕೇಳಿದವರಿಗೆ, ಕೇಳಿದ ಜಾಗದಲ್ಲೇ, ಬಾಯಿಮಾತಿನಲ್ಲಿ, ಮೋಡದ ತಾಲ್ಲೂಕು ವಿಚಾರಿಸದೆ, ಹೋಗಿಬನ್ನಿ ಎನ್ನತಕ್ಕದ್ದು. ಕಾಗದಪತ್ರ ಆಮೇಲೆ ಮಾಡಿಕೊಳ್ಳತಕ್ಕದ್ದು.

ಈ ಸುತ್ತೋಲೆಯು ಮೊದಲ ಹನಿ ಬೀಳುವುದಕ್ಕೆ ಮುಂಚಿನಿಂದ ಜಾರಿಗೆ ಬರುತ್ತದೆ.

ಸಹಿ/-
(ರೇಣುಕಾಪ್ರಸಾದ್)
ವಿಭಾಗೀಯ ಅಧಿಕಾರಿ
ರಾಮನಗರ

ಪ್ರತಿಗಳು:

1. ಉಪ ಕಚೇರಿಗಳು, ಚನ್ನಪಟ್ಟಣ, ಕನಕಪುರ, ಮಾಗಡಿ – ಮಾಹಿತಿ ಹಾಗೂ ಬಂಧುಗಳ ಪಟ್ಟಿಗಾಗಿ.
2. ಕು. ದಿವ್ಯ ಅವರ ತಾಯಿಯವರು, ಸಾತನೂರು – ನೋಡಲ್ ಬಂಧು ನೇಮಕಾತಿಯ ಪ್ರತಿಯೊಂದಿಗೆ. ನೆಂದ ಬಟ್ಟೆಗಳು ಒಣಗಿದ ಬಗ್ಗೆ ವರದಿ ಸಲ್ಲಿಸಲು ಕೋರಿದೆ.
3. ಶ್ರೀ ನಾಗರಾಜು, ಪ್ರ.ದ.ಸ. – ಬೀರುವಿನ ಮರೆಯಿಂದ ಹೊರಬರಲು.
4. ಶ್ರೀ ವಾಸಿಂ, ವಾಹನ ಚಾಲಕರು – ಜೀಪಿನ ಲಾಗ್ ಪುಸ್ತಕದಲ್ಲಿ "ಉದ್ದೇಶ: ಸೊಪ್ಪು" ಎಂದು ಬರೆದಿರುವುದನ್ನು ಅಂಗೀಕರಿಸಿದೆ.
5. ವಿದ್ಯುತ್ ಕಚೇರಿ – ಹನ್ನೊಂದು ಫ್ಯಾನುಗಳ ಪರವಾಗಿ.
6. ಉಲ್ಲೇಖ 4ರ ಕೃತ್ತಿಕೆ ಮಳೆ – ಸ್ಥಿರ ವಿಳಾಸ ಇಲ್ಲದ ಕಾರಣ ಸೂಚನಾ ಫಲಕದಲ್ಲಿ ಅಂಟಿಸಿದೆ. (ಅಂಟಿಸಿದ ಪ್ರತಿಯು ನೆಂದು ಬಿದ್ದಿದ್ದು, ತಲುಪಿದೆ ಎಂದು ಭಾವಿಸಲಾಗಿದೆ.)
7. ಶ್ರೀಮತಿ ಕೆಂಚಮ್ಮ, ಡಿ ಗುಂಪು – ಇವರ ದಿನಾಂಕ 14.05.2025ರ ಅರ್ಧ ದಿನದ ರಜೆಯನ್ನು, ಅಂದು ಮಧ್ಯಾಹ್ನ 12.10ರಿಂದ ಪೂರ್ವಾನ್ವಯವಾಗುವಂತೆ, ಮಂಜೂರು ಮಾಡಿ ಆದೇಶಿಸಿದೆ. ಕಚೇರಿಯ ದಾಖಲೆಗಳ ಪ್ರಕಾರ ಅವರು ಮಳೆಗೆ ಮುಂಚೆಯೇ ತೋಟ ತಲುಪಿದ್ದಾರೆ.

ಕಚೇರಿ ಟಿಪ್ಪಣಿ: ಕ್ರಮ ಸಂಖ್ಯೆ 7ರ ಪ್ರತಿಯನ್ನು ಸ್ವೀಕರಿಸದೆ ಹಿಂದಿರುಗಿಸಲಾಗಿದೆ. ಶ್ರೀಮತಿ ಕೆಂಚಮ್ಮನವರ ಮೌಖಿಕ ಕಾರಣ: "ಬ್ಯಾಡ ಸಾ, ನಾನು ಅವತ್ತು ರಜ ತಗಂಡಿಲ್ಲ. ಇಲ್ಲ ಅಂತ ಬರ್ದು ಹತ್ ನಿಮಿಷಕ್ಕೆ ನಿಮ್ ಮೇಜಿನ್ ಮ್ಯಾಲೆ ಟೀ ತಂದು ಮಡಗ್ದೋಳು ಯಾರು ಮತ್ತೆ?"